ಸಾಹುಕಾರರ ವಿಮಾನ, ನನ್ನ ಜೀಪು

ವಿಮಾನದವರು ದಾರಿ ತಪ್ಪುವುದು ಮೋಡದಲ್ಲಿ ಎಂದು ನೀವು ತಿಳಿದಿದ್ದರೆ ಅದು ಸುಳ್ಳು. ಅವರು ತಪ್ಪುವುದು ನೆಲದ ಮೇಲೆ, ಅದೂ ಹಾಡಹಗಲಿನಲ್ಲಿ, ನನ್ನ ಕಣ್ಣೆದುರಿಗೆ. ನಾನು ಸಂಶಿಯವನು. ಮೊದಲು ಮೆಣಸಿನಕಾಯಿ ಟೆಂಪೊ ಹೊಡೆಯುತ್ತಿದ್ದೆ. ಈಗ ನಮ್ಮ ಕಡೆಯ ವಿಮಾನ ನಿಲ್ದಾಣದಲ್ಲಿ ಹಳದಿ ಜೀಪು ಹೊಡೆಯುತ್ತೇನೆ. ಇಳಿದ ವಿಮಾನದ ಮುಂದೆ ಹೋಗಿ, ಅದು ನಿಲ್ಲುವ ಜಾಗ ತೋರಿಸುವುದು ನನ್ನ ಕೆಲಸ. ಕೆಲಸ ಗುತ್ತಿಗೆಯದು, ಮೂರು ನೋಟಿಸು ಬಂದರೆ ಸೀದಾ ಮನೆಗೆ. ಪೈಲಟ್ ದಾರಿ ತಪ್ಪಿದರೂ ನೋಟಿಸು ನನಗೇ. ಪೈಲಟ್‌ಗೆ ಕೊಡಲು ಧೈರ್ಯ ಬೇಕು, ನನಗೆ ಕೊಡಲು ಒಂದು ಹಾಳೆ ಸಾಕು. ಮೊದಲನೆಯದು ಆಗಲೇ ಬಂದಿತ್ತು, ಅಂಗಿಯ ಗುಂಡಿ ಹಾಕಿಲ್ಲವೆಂದು.

ಆಗ ಬಂದರು ಅಣ್ಣಿಗೇರಿ ಕಡೆಯ ಹತ್ತಿ ಸಾಹುಕಾರರು. ಬೇರೆ ರಾಜ್ಯದಲ್ಲಿ ವಿಮಾನ ಕಲಿತು, ಎರಡು ಸೀಟಿನದೊಂದನ್ನು ಕೊಂಡಿದ್ದರು. ಆಕಾಶದಲ್ಲಿ ಚೆನ್ನಾಗಿಯೇ ಹಾರಿಸುತ್ತಾರೆ, ಒಪ್ಪುತ್ತೇನೆ. ಅಲ್ಲಿ ತಿರುವುಗಳಿಲ್ಲ.

೧. ಸ್ವಾಗತ ಸಮಿತಿ

ಮೊದಲ ಸಲ ಇಳಿದಾಗ ಗೋಪುರದಿಂದ ರೇಡಿಯೊದಲ್ಲಿ ಹೇಳಿದ್ದು ಇಷ್ಟೇ: ಎಡಕ್ಕೆ ತಿರುಗಿ, ಹಳದಿ ಜೀಪಿನ ಹಿಂದೆ ಹೋಗಿ. ನಾನು ದೀಪ ಹಚ್ಚಿಕೊಂಡು ಕಾದು ನಿಂತಿದ್ದೆ. ಸಾಹುಕಾರರು ಬಲಕ್ಕೆ ತಿರುಗಿದರು.

ಬಲಕ್ಕಿರುವುದು ಅಗ್ನಿಶಾಮಕ ಠಾಣೆ. ವಿಮಾನ ಇಳಿಯುವಾಗ ಅಲ್ಲಿಯವರು ಸಮವಸ್ತ್ರ ಹಾಕಿ ಸಾಲಾಗಿ ನಿಲ್ಲುವುದು ಪದ್ಧತಿ. ಸಾಹುಕಾರರು ಕೆಂಪು ಗಾಡಿ ನೋಡಿದರು, ಸಾಲಾಗಿ ನಿಂತ ಜನರನ್ನು ನೋಡಿದರು, ಸೀದಾ ಅಲ್ಲಿಗೇ ನಡೆಸಿದರು. ಗಾಡಿ ಹೊರಬರುವ ಬಾಗಿಲಿಗೆ ವಿಮಾನ ಅಡ್ಡ ನಿಲ್ಲಿಸಿ, ಇಳಿದು ಎಲ್ಲರಿಗೂ ಕೈಮುಗಿದರು.

ಠಾಣೆಯ ಮುಖ್ಯಸ್ಥ ಎರಡು ಹೆಜ್ಜೆ ಮುಂದೆ ಬಂದ. “ಸಾವ್ಕಾರ್ರ, ಬಾಗಲಾ ಬಿಟ್ಟು ನಿಂದರ್ರಿ. ಎಲ್ಲೆರೆ ಬೆಂಕಿ ಹತ್ತಿದ್ರ ನಮ್ಮ ಗಾಡಿ ನಿಮ್ಮ ರೆಕ್ಕಿ ಮ್ಯಾಲಿಂದ ಜಿಗಿಬೇಕೇನ್ರಿ?”

“ಅದಿರ್ಲಿ, ಹಾರ ಎಲ್ಲಿ ಐತಿ?” ಎಂದರು ಸಾಹುಕಾರರು.

ಎರಡನೇ ನೋಟಿಸು ಬಂತು: ಜೀಪು ಎದ್ದು ಕಾಣುವಂತೆ ನಿಂತಿರಲಿಲ್ಲವಂತೆ. ಮುಂದಿನ ಸಲ ಬ್ಯಾಂಡ್ ಬಾಜಾ ಸಮೇತ ನಿಲ್ಲುತ್ತೇನೆ ಎಂದು ಉತ್ತರ ಬರೆದೆ. ಹೆಂಡತಿ ಅದನ್ನು ಹರಿದು ಒಲೆಗೆ ಹಾಕಿದಳು.

೨. ಬಣವಿಯ ಹತ್ತಿರ

ಎರಡನೇ ಸಲ ಬಂದಾಗ ಹಳದಿ ದೀಪದ ಹಿಂದೆಯೇ ಹೋಗಬೇಕೆಂದು ಸಾಹುಕಾರರು ನಿಶ್ಚಯ ಮಾಡಿಕೊಂಡಿದ್ದರು. ಹಾಗೇ ಮಾಡಿದರು. ನನ್ನ ಫೋನು ರಿಂಗಾಯಿತು. ನಿಲ್ದಾಣದ ಹುಲ್ಲು ಸಾಗಿಸುವ ಟ್ರ್ಯಾಕ್ಟರಿನ ಚಾಲಕ, ಶಲವಡಿಯವನು.

“ಅಣ್ಣಾ, ವಿಮಾನ ನನ್ನ ಬೆನ್ನ ಹತ್ತೇತಿ! ನಾ ತಿರಗಿದ್ರ ಅದೂ ತಿರಗಾಕ್ಹತ್ತೇತಿ!”

ಆತನ ಟ್ರ್ಯಾಕ್ಟರಿಗೂ ಹಳದಿ ದೀಪವಿದೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಇಬ್ಬರೂ ಹುಲ್ಲಿನ ಬಣವಿಯ ಮುಂದೆ ನಿಂತಿದ್ದರು.

“ಇದೇನಲೇ, ವಿಮಾನಾ ನಿಲ್ಲಸೂ ಜಾಗಾ?” ಎಂದು ಸಾಹುಕಾರರು ನನ್ನನ್ನೇ ಗದರಿಸಿದರು. “ಎರಡಕ್ಕೂ ಹಳದಿ ದೀಪಾ ಹಚ್ಚಿದ್ರ ನಮಗ ಹ್ಯಾಂಗ ಗೊತ್ತಾಗಬೇಕು?”

“ಒಂದರಾಗ ಹುಲ್ಲ ಐತಿ ನೋಡ್ರಿ,” ಎಂದೆ.

ನಮ್ಮ ಅಧಿಕಾರಿ ಹಾಳೆ ಹಿಡಿದುಕೊಂಡೇ ಓಡಿ ಬಂದರು. ಮೂರನೇ ನೋಟಿಸು ಆಯಿತು, ನನ್ನ ಕಥೆ ಮುಗಿಯಿತು ಅಂದುಕೊಂಡೆ. “ಈ ಟ್ರ್ಯಾಕ್ಟರ್ ಯಾರದು?” ಎಂದು ಗುಡುಗಿದರು.

“ನಿಮ್ಮ ಅಳ್ಯಾಂದ್ರಿ ಸಾಹೇಬ್ರ,” ಎಂದ ಚಾಲಕ.

ಅಧಿಕಾರಿ ಹಾಳೆ ಮಡಚಿದರು. ಮನುಷ್ಯ ಅಂದಮೇಲೆ ತಪ್ಪು ಆಗುತ್ತದೆ ಎಂದು ನಮಗೆಲ್ಲ ಅಲ್ಲೇ ಉಪದೇಶ ಮಾಡಿದರು.

೩. ಬೇಸ್ತವಾರ ತೆಂಕಲಕ್ಕೆ

ಮೂರನೇ ಸಲ ಸಾಹುಕಾರರು ತಾಯಿಯನ್ನು ಮೊದಲ ಬಾರಿ ವಿಮಾನದಲ್ಲಿ ಕೂರಿಸಿಕೊಂಡು ಹೊರಟಿದ್ದರು. ಆ ದಿನ ಬೇಸ್ತವಾರ. ವಿಮಾನ ನಿಂತ ಜಾಗದಿಂದ ಡಾಂಬರಿನ ದಾರಿ ಹೋಗುವುದು ತೆಂಕಲಕ್ಕೆ, ಅಂದರೆ ದಕ್ಷಿಣಕ್ಕೆ. ಮೂಡಲಕ್ಕೆ ಬರೇ ಎರೆ ಮಣ್ಣು, ಹಿಂದಿನ ದಿನದ ಮಳೆ ಕುಡಿದು ಬೆಣ್ಣೆಯಂತಾಗಿತ್ತು. ನಾನು ಜೀಪಿನಿಂದ ಕೈ ಹೊರಹಾಕಿ ತೆಂಕಲಕ್ಕೆ ತೋರಿಸಿದೆ. ವಿಮಾನ ಹೊರಟಿತು, ತಟ್ಟನೆ ಮೂಡಲಕ್ಕೆ ತಿರುಗಿತು, ಮೂಗಿನ ಗಾಲಿ ಗಬಕ್ಕನೆ ಹೂತುಕೊಂಡಿತು.

ಅಧಿಕಾರಿ ಬಂದರು. ಸಾಹುಕಾರರು ನನ್ನ ಕಡೆ ಬೆರಳು ಮಾಡಿದರು. “ಜೀಪಿನಂವ ಈ ಕಡೇನ ಕೈ ಮಾಡಿದ್ರಿ.”

ಮಗಳ ಕಾಲೇಜಿನ ಅರ್ಜಿ ಮನೆಯಲ್ಲಿ ಅರ್ಧ ತುಂಬಿ ಇಟ್ಟಿದ್ದೆ. ಅಧಿಕಾರಿ ಪೆನ್ನಿನ ಟೋಪಿ ತೆಗೆದರು.

ಆಗ ಸಾಹುಕಾರರ ತಾಯಿ ಸೆರಗು ಸರಿಮಾಡಿಕೊಂಡು ಇಳಿದರು. “ಸುಳ್ಳ ಯಾಕ ಹೇಳ್ತಿಯೋ? ಅಂವಾ ತೆಂಕಲಕ್ಕ ಕೈ ಮಾಡಿದ್ದ. ಮೂಡಲಕ್ಕ ಹೊಡಿ ಅಂದಾಕಿ ನಾ. ಬೇಸ್ತವಾರ ತೆಂಕಲಕ್ಕ ಹೊಂಟ್ರ ಕೆಲಸಾ ಕೆಡತೈತಿ. ಮೊದಲ ನಾಕ ಹೆಜ್ಜಿ ಮೂಡಲಕ್ಕ ಹೋಗಿ ತಿರಗಬೇಕು.”

ಅಧಿಕಾರಿಯ ಪೆನ್ನು ನಿಂತಿತು. “ಅವ್ವಾರ, ನಾ ಈಗ ಬೆಂಗಳೂರಿಗೆ ಹೊಂಟೇನ್ರಿ. ಬಡ್ತಿ ಸಂದರ್ಶನ ಐತಿ. ಬೆಂಗಳೂರು ತೆಂಕಲ ಆಗತೈತೇನ್ರಿ?”

“ಮತ್ತೇನ ಬಡಗಲ ಆಗತೈತೇನು?”

ಅಧಿಕಾರಿ ನನ್ನ ಜೀಪು ಹತ್ತಿ ಕುಳಿತರು. “ಮೂಡಲಕ್ಕ ಹೊಡಿ.”

“ಸಾಹೇಬ್ರ, ವಿಮಾನಾ ಸಿಕ್ಕೊಂಡದ್ದ ಅಲ್ಲೇ ಅಲ್ಲರಿ.”

“ನಾಕ ಹೆಜ್ಜಿ ಅಷ್ಟ! ಹೊಡಿ ಅಂದ್ರ ಹೊಡಿ!”

ಹೊಡೆದೆ. ಮೂರನೇ ಹೆಜ್ಜೆಗೇ ನಾಲ್ಕೂ ಗಾಲಿ ಮುಳುಗಿದವು. ಅಧಿಕಾರಿ ಕೈಯಲ್ಲಿದ್ದ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು.

“ಬರೀರಿ ಸಾಹೇಬ್ರ,” ಎಂದೆ. “ಹೊಡಿ ಅಂದಾಂವ ಯಾರು ಅಂತ ಮ್ಯಾಲಿನವ್ರು ಕೇಳಿದ್ರ ಅವ್ವಾರು ಅದಾರ.”

“ಹೂಂ, ನಾ ಇದ್ದದ್ದ ಇದ್ದಾಂಗ ಹೇಳಾಕಿ,” ಎಂದರು ಅವ್ವ.

ಹಾಳೆ ನಾಲ್ಕು ಚೂರಾಗಿ ಅಧಿಕಾರಿಯ ಜೇಬು ಸೇರಿತು. ಪ್ಯಾಂಟು ಮಡಚಿಕೊಂಡು ಅವರು ಕೆಸರಿಗಿಳಿದರು. ಅವ್ವ ಮಗನ ಕಡೆ ಕಣ್ಣು ಬಿಟ್ಟ ಕೂಡಲೇ ಸಾಹುಕಾರರೂ ಇಳಿದರು. ಒಂದು ಬಾಜು ಅಧಿಕಾರಿ, ಇನ್ನೊಂದು ಬಾಜು ಸಾಹುಕಾರರು, ನಡುವೆ ಸ್ಟೇರಿಂಗ್ ಹಿಡಿದು ನಾನು. ಇಷ್ಟು ವರ್ಷದ ಕೆಲಸದಲ್ಲಿ ಅಂದೇ ಮೊದಲ ಸಲ ಇಬ್ಬರೂ ನಾನು ಹೇಳಿದ ಕಡೆಗೇ ಜೀಪು ದೂಕಿದರು.