ಹವಾಲ್ದಾರನ ಹೊಸ ಕಾಲು

ನಿವೃತ್ತನಾದ ಗಂಡಸಿಗೆ ಹೆಂಡತಿ ಕೊಡಬಹುದಾದ ಅತ್ಯುತ್ತಮ ಸಲಹೆ ಎಂದರೆ ‘ಸುಮ್ಮ ಕೂಡ್ರಿ’ ಎಂಬುದು. ಇದನ್ನು ಪಾಲಿಸಿದವರು ಬೀದರಿನ ಮೈಲೂರಿನಲ್ಲಿ, ನಮ್ಮ ಓಣಿಯಲ್ಲಿಯೇ ಇದ್ದಾರೆ. ಬೆಳಿಗ್ಗೆ ಪೇಪರು, ಮಧ್ಯಾಹ್ನ ನಿದ್ದೆ, ಸಂಜೆ ಹರಟೆ, ಮುಖದ ಮೇಲೆ ಒಂದು ಕಳೆ. ಪಾಲಿಸದವರಲ್ಲಿ ಒಬ್ಬರು ಕೋಳಿ ಸಾಕಿದರು, ಇನ್ನೊಬ್ಬರು ಚುನಾವಣೆಗೆ ನಿಂತರು. ನಾನು ಹಳೆಯ ಮಿಲ್ಟ್ರಿ ಟ್ರಕ್ಕಿನ ಬಾಡಿ ಬಿಚ್ಚಿಸಿ ಬೇರೆ ಚೆಸ್ಸಿಯ ಮೇಲೆ ಕೂಡಿಸಲು ಹೊರಟೆ. ಕೋಳಿ ಸಾಕಿದವರು ಈಗ ಸ್ವಲ್ಪ ಚೇತರಿಸಿಕೊಂಡಿದ್ದಾರೆ.

ಟ್ರಕ್ಕು ನಮ್ಮ ಅಪ್ಪನದು. ಸೈನ್ಯದಲ್ಲಿ ದುಡಿದು ದಣಿದ ಗಾಡಿಯನ್ನು ಅಪ್ಪ ಹರಾಜಿನಲ್ಲಿ ಹಿಡಿದು, ಭಾಲ್ಕಿ ತಾಲೂಕಿನ ನಮ್ಮೂರು ಖಟಕ ಚಿಂಚೋಳಿಗೆ ತಂದಿದ್ದ. ಅದು ಯುದ್ಧ ನೋಡಿತ್ತೋ ಇಲ್ಲವೋ ದೇವರಿಗೇ ಗೊತ್ತು. ಅಪ್ಪನ ಪ್ರಕಾರ ನೋಡಿತ್ತು, ಮತ್ತು ಅವನು ಹೇಳಿದ ಹಾಗೆಲ್ಲ ಆ ಯುದ್ಧ ದೊಡ್ಡದಾಗುತ್ತ ಹೋಗುತ್ತಿತ್ತು. ಊರವರು ಗಾಡಿಗೆ ‘ಹವಾಲ್ದಾರ’ ಎಂದು ಹೆಸರಿಟ್ಟರು. ಹಸಿರು ಬಣ್ಣ, ದಪ್ಪ ಮೂತಿ, ಹಿಂದೆ ಎರಡೂ ಮಗ್ಗುಲಿಗೆ ಕೂಡಲು ಮರದ ಹಲಗೆ, ಮೇಲೆ ತಾಡಪತ್ರಿ. ತೊಗರಿ ಚೀಲ, ಜೋಳದ ಚೀಲ ಹೊತ್ತು ಹೊತ್ತು ಅದರ ಕಮಾನ್ ಪಾಟಾ, ಎಂದರೆ ಗಾಲಿಯ ಮೇಲೆ ಗಾಡಿಯನ್ನು ಹೊರುವ ಬಾಗಿದ ಉಕ್ಕಿನ ಪಟ್ಟಿಗಳು, ರೊಟ್ಟಿಯ ಹಾಗೆ ಚಪ್ಪಟೆಯಾಗಿದ್ದವು. ರಸ್ತೆಯ ಮೇಲೆ ಒಂದು ಹುಣಸೆ ಬೀಜ ಬಿದ್ದಿದ್ದರೂ ಒಳಗೆ ಕೂತವರಿಗೆ ತಿಳಿಯುತ್ತಿತ್ತು.

ಶ್ರಾವಣದಲ್ಲಿ ಪಂಚಮಿ ಹತ್ತಿರ ಬಂತೆಂದರೆ ಚೀಲಗಳಿಗೆ ರಜೆ. ಔರಾದಿಗೆ ಮದುವೆ ಮಾಡಿಕೊಟ್ಟಿದ್ದ ನನ್ನ ಅಕ್ಕ ಗಂಗಕ್ಕನನ್ನು ತವರಿಗೆ ಕರೆತರಲು ಅಪ್ಪ ಹವಾಲ್ದಾರನ ಮೈ ತೊಳೆದು, ಮೂತಿಗೆ ವಿಭೂತಿ ಹಚ್ಚಿ ಹೊರಡುತ್ತಿದ್ದ. ಹಿಂದೆ ಹಲಗೆಯ ಮೇಲೆ ನಾನು. ಅವ್ವ ನನ್ನನ್ನು ಹೆತ್ತದ್ದು ನಿಜ, ಎತ್ತಿ ಆಡಿಸಿದವಳು ಮಾತ್ರ ಗಂಗಕ್ಕ. ಆಕೆಯ ಮದುವೆಯ ದಿನ ನಾನು ಬೀಗರ ಕಾಲು ಕಚ್ಚಿದ್ದೆನಂತೆ. ಬರುವಾಗ ಆಕೆಯ ತೊಡೆಗೆ ಅಂಟಿ ಕೂತು ಬರುತ್ತಿದ್ದೆ. ಅಕ್ಕ ಬಂದ ಮೇಲೆಯೇ ಮನೆಯಲ್ಲಿ ಜೋಳದ ಅಳ್ಳು ಹುರಿಯುತ್ತಿದ್ದರು, ಉಂಡಿ ಕಟ್ಟುತ್ತಿದ್ದರು, ಜೋಕಾಲಿಗೆ ಹಗ್ಗ ಹಾಕುತ್ತಿದ್ದರು. ಹೆಣ್ಣುಮಕ್ಕಳು ಬರದ ಪಂಚಮಿ ನಮ್ಮ ಕಡೆ ಪಂಚಮಿಯೇ ಅಲ್ಲ.

ಅಪ್ಪ ಅವ್ವ ಹೋದ ಮೇಲೆ ಅಕ್ಕನಿಗೆ ನಮ್ಮ ಮೈಲೂರಿನ ಮನೆಯೇ ತವರಾಯಿತು. ಹವಾಲ್ದಾರ ಚಿಂಚೋಳಿಯ ಹೊಲದಲ್ಲಿ ಬೇವಿನ ಗಿಡದ ಕೆಳಗೆ ನಿಂತು ತುಕ್ಕು ತಿನ್ನತೊಡಗಿದ. ನಾನು ಪ್ರತಿ ವರ್ಷ ಕಾರು ತೆಗೆದುಕೊಂಡು ಔರಾದಿಗೆ ಹೋಗುತ್ತಿದ್ದೆ. ಆದರೆ ಮುಚ್ಚಿದ ಕಾರು ಆಕೆಗೆ ಒಗ್ಗುವುದಿಲ್ಲ. ಸಂತಪುರ ಬರುವುದರೊಳಗೆ ಹೊಟ್ಟೆ ತೊಳಸಿ, ನಿಂಬೆಹಣ್ಣು ಮೂಸಿ ಮೂಸಿ, ಮನೆಗೆ ಬಂದು ಹಬ್ಬದ ದಿನವೆಲ್ಲ ಮಲಗುತ್ತಿದ್ದಳು. ಮೇಲೆ ಮೊಣಕಾಲು ಬೇರೆ ಹಿಡಿದವು. ಹೋದ ವರ್ಷ ಫೋನಿನಲ್ಲಿ ನಗುನಗುತ್ತಲೇ, “ಇನ್ನ ನನಗ ಕರೀಲಾಕ ಬರಬ್ಯಾಡ ತಮ್ಮಾ. ತವರಿನ ದಾರಿ ತೀರ್ತು ನಂದು” ಎಂದಳು. ಆಕೆ ನಕ್ಕಳು. ನನಗೆ ನಗು ಬರಲಿಲ್ಲ. ಹೇಗಾದರೂ ಮಾಡಿ ಇನ್ನೊಂದು ಸಲ ಅಕ್ಕ ಪಂಚಮಿಗೆ ಬರಬೇಕು, ಅದೂ ಅಪ್ಪನ ಗಾಡಿಯಲ್ಲಿ, ತಾಡಪತ್ರಿಯ ಕೆಳಗೆ, ಗಾಳಿ ಕುಡಿಯುತ್ತ ಬರಬೇಕು ಎಂದು ಮನಸ್ಸು ಹಟ ಹಿಡಿಯಿತು. ಹೆಂಡತಿ ಆಗಲೇ ಮೇಲಿನ ಸಲಹೆ ಕೊಟ್ಟದ್ದು.

ಭಾಲ್ಕಿಯ ಇಸ್ಮಾಯಿಲ್ ಮಿಸ್ತ್ರಿ ಬಂದು ಗಾಡಿಯ ಕೆಳಗೆ ತೂರಿ ನೋಡಿದರು. ಹೊರಗೆ ಬಂದವರ ಮುಖ ಆಪರೇಷನ್ ಕೋಣೆಯಿಂದ ಬಂದ ಡಾಕ್ಟರರ ಹಾಗಿತ್ತು. “ಬಾಡಿ ಗಟ್ಟಿ ಅದರಿ ಸಾಬ್. ಚೆಸ್ಸಿ ಹಪ್ಪಳ ಆಗ್ಯಾದ” ಎಂದರು. ಚೆಸ್ಸಿ ಎಂದರೆ ಎಂಜಿನ್ನು, ಗಾಲಿ, ಬಾಡಿ ಎಲ್ಲವನ್ನೂ ಹೊತ್ತ ಕೆಳಗಿನ ಕಬ್ಬಿಣದ ಚೌಕಟ್ಟು. ಬೇರೆ ಕಂಪನಿಯ ಟ್ರಕ್ಕಿನದೊಂದು ಚೆಸ್ಸಿ, ಎಂಜಿನ್ನು ಸಮೇತ, ಅವರ ಗ್ಯಾರೇಜಿನಲ್ಲಿಯೇ ಸಿಕ್ಕಿತು. ಅಲ್ಲಿಂದ ಶುರುವಾಯಿತು ನೋಡಿ ಲಗ್ನದ ಮಾತುಕತೆ. ಹುಡುಗ ಉದ್ದ, ಹುಡುಗಿ ಗಿಡ್ಡ. ಇದರ ತೂತಿಗೆ ಅದರ ಬೋಲ್ಟು ಕೂಡುವುದಿಲ್ಲ. ಎದುರಿನ ಚಹಾದ ಅಂಗಡಿಯಲ್ಲಿ ಕೂತವರೆಲ್ಲ ಬೀಗರಾಗಿ, ಕೊಯ್ಯಿರಿ, ಬೆಸೆಯಿರಿ, ಬೇಡವೇ ಬೇಡ ಎಂದು ತೀರ್ಪು ಕೊಟ್ಟರು. ನಾನು ವಾರಕ್ಕೊಮ್ಮೆ ಭಾಲ್ಕಿಗೆ ಹೋಗಿ, ಏನೂ ತಿಳಿಯದಿದ್ದರೂ ಬಗ್ಗಿ ನೋಡಿ, ‘ಹ್ಞಾಂ’ ಎಂದು ಬರುತ್ತಿದ್ದೆ.

ಬಾಡಿ ಎತ್ತಿ ಕೂಡಿಸುವ ದಿನ ಇನ್ನೊಂದು ಪೇಚು. ಮಿಸ್ತ್ರಿ ಬಿಸ್ಮಿಲ್ಲಾ ಅಂದು, ನನ್ನ ಕೈಗೆ ತೆಂಗಿನಕಾಯಿ ಕೊಟ್ಟು ಒಡೆಯಲು ಹೇಳಿದರು. ಎಲ್ಲಿ ಒಡೆಯಬೇಕು? ಸರಕಾರದ ಲೆಕ್ಕದಲ್ಲಿ ಚೆಸ್ಸಿಯೇ ಗಾಡಿ, ನಂಬರು ಇರುವುದೇ ಅದರ ಮೇಲೆ. ನನ್ನ ಲೆಕ್ಕದಲ್ಲಿ ಮೇಲೆ ಸರಪಳಿಗೆ ಜೋತು ಬಿದ್ದ ಹಸಿರು ತಗಡೇ ಗಾಡಿ. ದೇಹ ಅಳಿಯುತ್ತದೆ, ಆತ್ಮ ಉಳಿಯುತ್ತದೆ ಎಂದು ಪುರಾಣ ಹೇಳುವವರು ಹೇಳುತ್ತಾರೆ. ಇಲ್ಲಿ ದೇಹ ಉಳಿದು ಆತ್ಮ ಬೇರೆ ಕಂಪನಿಯದಾಗಿತ್ತು. ಕಡೆಗೆ ಎರಡರ ನಡುವಿನ ಸಂದಿಯಲ್ಲಿ ಕಾಯಿ ಒಡೆದೆ. ಅರ್ಧ ಹೋಳು ಒಳಗೆ ಬಿತ್ತು. ಅದನ್ನು ತೆಗೆಯಲು ಮತ್ತೆ ಬಾಡಿ ಎತ್ತಿಸಬೇಕಾಯಿತು.

ಅಂತೂ ಪಂಚಮಿಯ ಹಿಂದಿನ ದಿನ ಮಿಸ್ತ್ರಿಯೇ ಗಾಡಿ ನಡೆಸಿಕೊಂಡು, ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಔರಾದಿಗೆ ಹೊರಟರು. ಅಕ್ಕನ ಮನೆಯ ಮುಂದೆ ನಿಂತು ಹಾರ್ನು ಹೊಡೆದಾಗ ಆಕೆ ಕೋಲು ಊರಿಕೊಂಡು ಹೊರಗೆ ಬಂದಳು. ಹಸಿರು ತಗಡಿನ ಮೇಲೆ ಕೈಯಾಡಿಸಿದಳು, ಎಮ್ಮೆಯ ಬೆನ್ನು ಸವರಿದ ಹಾಗೆ. ಕಣ್ಣು ಒರೆಸಿಕೊಂಡು ಗಂಟು ತರಲು ಸೊಸೆಗೆ ಹೇಳಿದಳು. ಅಪ್ಪ ಇದ್ದಿದ್ದರೆ ಎಂದು ಎರಡು ಸಲ ಅಂದುಕೊಂಡೆ.

ಗಂಟು ಏರಿತು. ಅಕ್ಕ ಏರಬೇಕಲ್ಲ! ಹಳೆಯ ಹವಾಲ್ದಾರ ಕುಸಿದು ಕುಸಿದು, ಮನೆಯ ಮುಂದಿನ ಕಟ್ಟೆಯಿಂದ ಸೀದಾ ಒಳಗೆ ಕಾಲಿಡುವಷ್ಟು ತಗ್ಗಿದ್ದ. ಈ ಹೊಸ ಚೆಸ್ಸಿಯ ಪಾಟಾಗಳು ಇನ್ನೂ ಪ್ರಾಯದವು. ಬಾಡಿಯನ್ನು ಅಕ್ಕನ ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದವು. ಉದ್ದ, ಅಗಲ, ಬೋಲ್ಟಿನ ತೂತು ಎಲ್ಲದರ ಅಳತೆ ತೆಗೆಸಿದ್ದ ನಾನು ಅಕ್ಕನ ಮೊಣಕಾಲಿನ ಅಳತೆ ಒಂದನ್ನು ಮರೆತಿದ್ದೆ. ಕಟ್ಟೆಗೆ ಹಚ್ಚಿದೆವು, ಸಾಲಲಿಲ್ಲ. ಕುರ್ಚಿ ಇಟ್ಟರೆ ಅಲುಗಾಡಿತು. ಅಕ್ಕನ ಮಗ ಮತ್ತು ಮಿಸ್ತ್ರಿ ಎತ್ತಿ ಕೂಡಿಸುತ್ತೇವೆಂದು ಮುಂದೆ ಬಂದಾಗ ಆಕೆ ಕೋಲು ಅಡ್ಡ ಹಿಡಿದಳು. “ನಾ ಏನ್ ತೊಗರಿ ಚೀಲ ಏನ್ರೋ?” ಎಂದು ಗದರಿ ಒಳಗೆ ತಿರುಗಿದಳು. ನಾನು ರಸ್ತೆಯಲ್ಲಿ ನಿಂತು ಗಾಡಿ ನೋಡಿದೆ. ಇಷ್ಟೆಲ್ಲ ಮಾಡಿ ಖಾಲಿ ಹಲಗೆ ಹೊತ್ತುಕೊಂಡು ಹೋಗಬೇಕೇ ಎಂದು ಅಳು ಬಂದ ಹಾಗಾಯಿತು. ಅಕ್ಕ ಬಾಗಿಲ ತನಕ ಹೋದವಳು ನನ್ನ ಮುಖ ನೋಡಿದಳೋ ಏನೋ, ನಿಂತಳು.

“ದನದ ಸಂತಿ ಬಯಲಾಗ ದಿಬ್ಬ ಅದಲ್ಲ, ಅಲ್ಲಿ ಹಚ್ರಿ ಗಾಡಿ.”

ನಮ್ಮ ಔರಾದಿನ ಕಡೆಯ ದೇವಣಿ ಎತ್ತುಗಳ ಹೆಸರು ಕೇಳದವರಿಲ್ಲ. ಅವನ್ನು ಲಾರಿಗೆ ಏರಿಸಲೆಂದು ಸಂತೆಯ ಬಯಲಿನಲ್ಲಿ ಮಣ್ಣಿನ ದಿಬ್ಬ ಒಂದಿದೆ. ಹಿಂದಿನಿಂದ ಗಾಡಿಯನ್ನು ಅದಕ್ಕೆ ಹಚ್ಚಿದೆವು. ಗಂಗಕ್ಕ ಇಳಕಲ್ ಸೀರೆ ಉಟ್ಟು, ಕೋಲು ಊರುತ್ತ, ಎತ್ತುಗಳು ತುಳಿದ ಹಾದಿಯಲ್ಲಿ ನಿಧಾನವಾಗಿ ನಡೆದು ಒಳಗೆ ಹೋಗಿ ಹಲಗೆಯ ಮೇಲೆ ಕೂತಳು. ಅಲ್ಲಿದ್ದ ದಲಾಲಿಯೊಬ್ಬ ಯಾವ ಸಂತೆಗೆ ಹೊರಟಿತು ಗಾಡಿ ಎಂದು ಕೇಳಿದ. “ಸಂತಿಗಿ ಅಲ್ಲಪ್ಪಾ, ತವರಿಗಿ” ಎಂದಳು ಅಕ್ಕ.

ನಾನೂ ಹಿಂದೆಯೇ, ಅದೇ ಹಲಗೆಯ ಮೇಲೆ ಕೂತೆ. ಸಂತಪುರ ದಾಟಿತು. ಅಕ್ಕನಿಗೆ ಹೊಟ್ಟೆ ತೊಳಸಲಿಲ್ಲ. ಜಿಟಿಜಿಟಿ ಮಳೆ, ಎರಡೂ ಕಡೆ ಹೆಸರು, ಉದ್ದಿನ ಹಸಿರು. ಅಕ್ಕ ಖುಷಿಯಾಗಿರಬೇಕಿತ್ತು. ಆದರೆ ಏನೋ ಕಳೆದುಕೊಂಡವಳ ಹಾಗೆ ಕೂತಿದ್ದಳು. ಹ್ಯಾಂಗನಸ್ತದ ಎಂದು ಕೇಳಿದೆ.

“ಮೈ ನಮ್ದೇ ಅದ ತಮ್ಮಾ. ನಡಿಗಿ ನಮ್ದಲ್ಲ” ಎಂದಳು. ನಡುವಿನ ಖಾಲಿ ಹಲಗೆ ತಟ್ಟಿ, “ಆಗ ಗಾಡಿ ಧಡ್ ಅಂದಾಗೊಮ್ಮಿ ನೀ ಬಂದು ನನ್ನ ಕೊರಳಿಗಿ ಬೀಳ್ತಿದ್ದಿ. ಈಗ ನೋಡು, ಹ್ಯಾಂಗ ಸಾಹೇಬನಂಗ ಅತ್ತಾಗ ಕೂತೀದಿ” ಎಂದು ಹೊರಗೆ ನೋಡತೊಡಗಿದಳು.

ನಿಜ. ನಮ್ಮಿಬ್ಬರ ನಡುವೆ ಒಂದು ಚೀಲ ಜೋಳ ಇಡುವಷ್ಟು ಜಾಗವಿತ್ತು. ಹೊಸ ಪಾಟಾ ಮೆತ್ತಗೆ ತೂಗುತ್ತಿತ್ತು, ಹೊಸ ಡಾಂಬರಿನ ರಸ್ತೆ ಕನ್ನಡಿಯ ಹಾಗಿತ್ತು. ರಸ್ತೆ ಕಾಮಗಾರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಜನ್ಮ ಸವೆಸಿದವನು ನಾನು. ಕಂಡ ಕಂಡ ತಗ್ಗಿಗೆಲ್ಲ ಬೈಸಿಕೊಂಡವನು. ಅಂಥವನು ಆವತ್ತು ಒಂದೇ ಒಂದು ತಗ್ಗಿಗಾಗಿ ದೇವರಿಗೆ ಹರಕೆ ಹೊತ್ತೆ. ಕಡೆಗೆ ತಡೆಯದೆ ಕ್ಯಾಬಿನ್ನಿನ ತಗಡು ಬಡಿದು, ಎಲ್ಲಾದರೂ ಕೆಟ್ಟ ರಸ್ತೆ ಇದೆಯೇ ಎಂದು ಮಿಸ್ತ್ರಿಯನ್ನು ಕೇಳಿದೆ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ಒಮ್ಮೆ, ಅಕ್ಕನನ್ನು ಒಮ್ಮೆ ನೋಡಿ, ಗಾಡಿಯನ್ನು ಹೊಲದ ಬಂಡಿದಾರಿಗೆ ಇಳಿಸಿದರು.

ಮೊದಲ ಹೊಡೆತಕ್ಕೆ ನಾನು ಹಲಗೆ ಬಿಟ್ಟು ಮೇಲೆದ್ದೆ. ಎರಡನೆಯದಕ್ಕೆ ಅಕ್ಕನ ಮಗ್ಗುಲಿಗೆ ಬಂದು ಬಿದ್ದೆ. ಆಕೆಯ ಕೈ ತಾನಾಗಿ ನನ್ನ ಬೆನ್ನ ಹಿಂದೆ ಬಂತು. “ಹಿಡ್ಕೋ ತಮ್ಮಾ, ಬೀಳ್ತಿ” ಎಂದಳು. ಪೆನ್ಷನ್ ತಿನ್ನುವ, ತಲೆ ನೆರೆತ, ಸಕ್ಕರೆ ಕಾಯಿಲೆಯ ನಾನು ಅಕ್ಕನ ಸೆರಗು ಹಿಡಿದುಕೊಂಡೆ. ಗಾಡಿ ಕುಣಿದಂತೆಲ್ಲ ಆಕೆ ನಗುತ್ತಿದ್ದಳು. ಮುಖ್ಯ ರಸ್ತೆ ಮತ್ತೆ ಸಿಕ್ಕ ಮೇಲೂ ನಾನು ಸೆರಗು ಬಿಡಲಿಲ್ಲ. ಆಕೆಯೂ ಬಿಡು ಎನ್ನಲಿಲ್ಲ.

ಮೈಲೂರಿನಲ್ಲಿ ಮನೆ ಕಟ್ಟುವವರು ಹಾಕಿದ್ದ ಮರಂ ಮಣ್ಣಿನ ಗುಡ್ಡೆಗೆ ಗಾಡಿ ಹಚ್ಚಿದಾಗ ಅಕ್ಕ ಕೋಲು ಊರಿಕೊಂಡು ತಾನೇ ಇಳಿದಳು. ನನ್ನನ್ನು ಮಿಸ್ತ್ರಿ ಮತ್ತು ನನ್ನ ಹೆಂಡತಿ ಸೇರಿ ತೊಗರಿ ಚೀಲದ ಹಾಗೆ ಇಳಿಸಿದರು. ಸೊಂಟ ಹಿಡಿದುಬಿಟ್ಟಿತ್ತು. ಚೆಸ್ಸಿ ಬದಲಿ ಮಾಡುವ ಕೆಲಸ ಮನೆಯಿಂದಲೇ ಶುರು ಮಾಡಬೇಕಿತ್ತು ಎಂದಳು ಹೆಂಡತಿ. ಪಂಚಮಿಯ ದಿನ ಅಕ್ಕ ಅಂಗಳದಲ್ಲಿ ಜೋಕಾಲಿಯ ಮೇಲೆ ಕೂತು ಉಂಡಿ ತಿಂದಳು. ನಾನು ಬೋರಲು ಮಲಗಿ ಆ ಹಗ್ಗದ ಕಿರ್ ಕಿರ್ ಕೇಳಿದೆ. ಸಂಜೆ ಆಕೆ ಬಂದು ಮಗ್ಗುಲಲ್ಲಿ ಕೂತು, ಬಿಸಿ ಎಣ್ಣೆ ಹಚ್ಚಿ ನನ್ನ ಸೊಂಟ ತಿಕ್ಕಿದಳು. ತಿಕ್ಕುತ್ತ ತಿಕ್ಕುತ್ತ, “ನನಗ ಬಿಡಲಾಕ ಬರ್ತೀದಿ ಅಲ್ಲ, ಅದೇ ಹೊಲದ ದಾರಿ ಹಿಡೀರಿ ಅಂತ ಮಿಸ್ತ್ರಿಗಿ ಹೇಳು” ಎಂದಳು.

ನಾನು ದಿಂಬಿನಲ್ಲಿ ಮುಖ ಹುದುಗಿಸಿ, ಮುಲುಗುತ್ತಲೇ, ಹೂಂ ಎಂದೆ.