ರಾಮಮ್ಮನ ಮನಶ್ಶಾಂತಿ

ಗಾವಡಗೆರೆ ರಸ್ತೆಯ ಹೊಗೆಸೊಪ್ಪಿನ ಗೋಡೌನಿನಲ್ಲಿ ಹೆಂಗಸರಿಗಿದ್ದ ಒಂದೇ ಪಾಯಿಖಾನೆಗೆ ಮ್ಯಾನೇಜರ್ ಷಣ್ಮುಖಪ್ಪನವರು ಬೀಗ ಹಾಕಿಸಿ, ಒಳಗೆ ಸೊಪ್ಪು ಕಟ್ಟಿದ ಬೇಲುಗಳನ್ನು ಒಟ್ಟಿಸಿದರು.

ಬಯಲಿಗೆ ಹೋಗೋಣವೆಂದರೆ ಎದುರಿಗೇ ಬಸ್ ಸ್ಟಾಪು. ಸೊಪ್ಪು ವಿಂಗಡಿಸುವ ಹೆಂಗಸರು ಕತ್ತಲಾಗುವ ತನಕ ತಡೆದುಕೊಂಡೇ ಕೂರಬೇಕಾಯಿತು. ಕೊನೆಗೆ ಒಂದು ಮಧ್ಯಾಹ್ನ ಅವರಲ್ಲೊಬ್ಬಳಾದ ರಾಮಮ್ಮ ಆಫೀಸಿನ ಬಾಗಿಲಲ್ಲಿ ನಿಂತಳು.

“ಸಾ, ಬೀಗ ತೆಗ್ಸಿ. ತಡ್ಕಂಡು ತಡ್ಕಂಡು ಒಟ್ಟೆ ಕಲ್ಲಾಗ್ಬುಟ್ಟದೆ.”

“ತೊಂದರೆ ಇರೋದು ಹೊಟ್ಟೇಲಲ್ಲಮ್ಮ, ಮನಸ್ಸಲ್ಲಿ,” ಎಂದರು ಷಣ್ಮುಖಪ್ಪ. “ಅದಕ್ಕೇ ಹೆಡ್ಡಾಫೀಸಿನೋರು ಇಂಟರ್‌ನೆಟ್ಟಲ್ಲಿ ಕೋರ್ಸು ಕೊಟ್ಟವ್ರೆ. ದೇಹ, ಮನಸ್ಸು ಎರಡಕ್ಕೂ ಒಟ್ಟಿಗೇ ಮದ್ದು. ಕೊನೇಲಿ ಪರೀಕ್ಷೆ. ನಿನ್ನ ಮನಸ್ಸು ಕೆಟ್ಟದೆ ಅಂತ ಕಂಪ್ಯೂಟರು ಹೇಳಿದ್ರೆ ಇವತ್ತು ಸಂಜೇನೇ ಬೀಗ ತೆಗೆಸ್ತೀನಿ.”

ಇಷ್ಟೇ ತಾನೆ ಎಂದು ರಾಮಮ್ಮ ಕುರ್ಚಿ ಹಿಡಿದಳು. ಜೊತೆ ಕೆಲಸದ ಭದ್ರಮ್ಮ, ಯಾರೂ ಕರೆಯದಿದ್ದರೂ, ಬೆನ್ನ ಹಿಂದೆ ಬಂದು ನಿಂತಳು.

ಪರದೆಯ ಮೇಲೆ ಬಿಳಿ ಜುಬ್ಬದ ಗುರುವೊಬ್ಬ ಮೂಡಿದ. “ಕಣ್ಣು ಮುಚ್ಚಿ. ಎದುರಿಗೆ ಝರಿ ಹರಿಯುತ್ತಿದೆ. ನೀರಿನ ಸದ್ದು ಆಲಿಸಿ.”

ಸ್ಪೀಕರಿನಿಂದ ಜುಳುಜುಳು ಶುರುವಾಯಿತು. ರಾಮಮ್ಮ ಕಾಲ ಮೇಲೆ ಕಾಲು ಹಾಕಿದಳು. ಅಷ್ಟರಲ್ಲಿ ಆಫೀಸಿನ ಫೋನು ಹೊಡೆದುಕೊಂಡು, ಅದೇ ಲೈನಿನಲ್ಲಿದ್ದ ಇಂಟರ್‌ನೆಟ್ಟು ಕಡಿದು, ಗುರು ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಟ್ಟ. ನೀರು ಮಾತ್ರ ನಿಲ್ಲಲಿಲ್ಲ. ಸಿಕ್ಕಿಕೊಂಡ ಜಾಗದಲ್ಲೇ ಗಿರಕಿ ಹೊಡೆಯುತ್ತ, ಒಡೆದ ನಾಲೆಯ ಹಾಗೆ ಸುರಿಯತೊಡಗಿತು. ರಾಮಮ್ಮನ ಕಣ್ಣಲ್ಲಿ ನೀರು ತುಂಬಿತು.

“ನೋಡು, ಒಳಗಿನ ನೋವೆಲ್ಲ ಹೊರಗೆ ಬತ್ತಾ ಅದೆ,” ಷಣ್ಮುಖಪ್ಪ ಹಿಗ್ಗಿದರು.

“ಬ್ಯಾರೇದು ಬರೋದ್ರೊಳ್ಗೆ ಆ ಝರಿ ನಿಲ್ಸಿ ಸಾ,” ಎಂದಳು ಭದ್ರಮ್ಮ.

ಹೇಗೋ ಪರೀಕ್ಷೆಗೆ ಬಂದರು. ಯಂತ್ರವೇ ಪ್ರಶ್ನೆ ಕೇಳುತ್ತದೆ; ಕೆಳಗೆ ಕೆಂಪು, ಕಿತ್ತಳೆ, ಹಳದಿ, ಹಸಿರು ಗುಂಡಿಗಳು. “ನಿನ್ನ ಮನಸ್ಸಿಗೆ ತಕ್ಕ ಬಣ್ಣ ಒತ್ತು,” ಎಂದು ಷಣ್ಮುಖಪ್ಪ ಟೀ ಕುಡಿಯಲು ಹೋದರು.

ಹೆಂಗಸರಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಬಣ್ಣ ನೋಡಿ ದರ್ಜೆ ಕಟ್ಟುವುದನ್ನು ಅವರಿಗೆ ಕಂಪ್ಯೂಟರು ಕಲಿಸಬೇಕೆ? ಕಿತ್ತಳೆ, ಹಳದಿ ಸೊಪ್ಪು ಚಿನ್ನ. ಬೇಯದೆ ಹಸಿರುಳಿದದ್ದು ಯಾರೂ ಮೂಸದ ಕಡೇ ಮಾಲು.

“ನಿಮ್ಮ ನಿದ್ದೆ ಹೇಗಿದೆ?” ಎಂದಿತು ಯಂತ್ರ.

“ಅಸ್ರು ಒತ್ತಮ್ಮಿ,” ಎಂದಳು ಭದ್ರಮ್ಮ.

“ಕೆಲಸದ ಜಾಗದಲ್ಲಿ ನೆಮ್ಮದಿ ಇದೆಯೇ?”

“ಇದ್ಕೆ ಇನ್ನೂ ಕಡು ಅಸ್ರು ಇಲ್ವಾ ನೋಡು.”

ಕೇಳಿದ್ದಕ್ಕೆಲ್ಲ ರಾಮಮ್ಮ ಹಸಿರನ್ನೇ ಒತ್ತಿದಳು. ಪರದೆಯ ಮೇಲೆ ಹೂವಿನ ಮಳೆಯಾಯಿತು. ಟೀ ಮುಗಿಸಿ ಬಂದ ಷಣ್ಮುಖಪ್ಪ ಪ್ರಿಂಟರು ಉಗುಳಿದ ಹಾಳೆ ಓದಿ ಕೈಮುಗಿದರು.

“ನೂರಕ್ಕೆ ನೂರು ಶಾಂತಿ! ಇಡೀ ಕಂಪನೀಲಿ ನಿನ್ನಷ್ಟು ಸುಖವಾಗಿರೋರು ಯಾರೂ ಇಲ್ವಂತೆ.”

“ಅಸ್ರು ಅಂದ್ರೆ ಕಡೇದು ಅಲ್ವಾ ಸಾ?”

“ನಿಮ್ಮ ಸೊಪ್ಪಿಗೆ ಕಡೇದು. ಲೋಕಕ್ಕೆಲ್ಲ ಅದೇ ಒಳ್ಳೇದು.”

“ಅಂಗಾರೆ ಇನ್ನೊಂದ್ಸಲ ಒತ್ತೀನಿ, ಬುಡಿ.”

“ಒಬ್ರಿಗೆ ಒಂದೇ ಸಲ. ರಿಸಲ್ಟು ಹೆಡ್ಡಾಫೀಸಿಗೆ ಹೋಗಿಯೂ ಆಯ್ತು.”

ಷಣ್ಮುಖಪ್ಪ ಹಾಳೆಗೆ ಗಾಜು ಹಾಕಿಸಿ, ಪಾಯಿಖಾನೆಯ ಬಾಗಿಲಿಗೆ, ಬೀಗದ ನೆತ್ತಿಯ ಮೇಲೇ ಮೊಳೆ ಹೊಡೆಸಿದರು. ಅದರ ಪಕ್ಕದಲ್ಲಿ ರಾಮಮ್ಮನನ್ನು ನಿಲ್ಲಿಸಿ ಕ್ಯಾಮೆರಾ ಎತ್ತಿದರು. ಸೊಪ್ಪು ಬಿಟ್ಟು ಹೆಂಗಸರೆಲ್ಲ ಬಂದು ಸುತ್ತ ನೆರೆದರು.

“ಎಲ್ಲಿ, ಒಸಿ ನಗು.”

ರಾಮಮ್ಮ ಕಾಲು ಬಿಗಿದು ನಿಂತಳು.

“ನಗಮ್ಮ. ನಗದಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ.”

ರಾಮಮ್ಮ ಸೆರಗು ಸಿಕ್ಕಿಸಿ ಬಾಗಿಲಿಗೆ ಅಡ್ಡಲಾಗಿ ಕೂತಳು.

“ನಗಾಕಿಲ್ಲ ಸಾ. ನಕ್ರೆ ಇಲ್ಲೇ ಆಗೋಯ್ತದೆ. ಬೀಗ ತೆಗೀರಿ, ಒಳಿಕ್ಕೋಗಿ ಬತ್ತೀನಿ. ಆಮ್ಯಾಕೆ ಕೇಳಿ.”