ಶಾಮಿಯಾನದಡಿಯ ಸೌರಶಕ್ತಿ

ಬಹಳ ಹಿಂದೆ, ಉದ್ಘಾಟನೆಯಾಗದ ಮಳೆಗೂ ಸುರಿಯಲು ಅಪ್ಪಣೆಯಿಲ್ಲದ ಕಾಲದಲ್ಲಿ, ಉದ್ಘಾಟನಾಪುರವೆಂಬ ರಾಜ್ಯವಿತ್ತು. ಅಲ್ಲಿ ಉಜ್ಜಿನಪ್ಪನೆಂಬಾತ ಟಿ.ವಿ. ತಯಾರಿಸುತ್ತಿದ್ದ. ಬಂದ ಕರೆಂಟು ಗಳಿಗೆಯೂ ನಿಲ್ಲದ ರಾಜ್ಯದಲ್ಲಿ ಟಿ.ವಿ. ನೋಡುವವರಾರು? ಕೊಂಡವರು ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ ಹೂದಾನಿ ಇಡುತ್ತಿದ್ದರು.

ಅದನ್ನೂ ಸಹಿಸಿಕೊಂಡಿದ್ದ ಪುಣ್ಯಾತ್ಮನಿಗೆ ಮಗಳದೇ ಚಿಂತೆ. ಅವಳು ತುಂಬು ಬಸುರಿ. ಊರಿನ ಆಸ್ಪತ್ರೆಯ ಹೆರಿಗೆ ಕೋಣೆಗೆ ಕಿಟಕಿಯಿಲ್ಲ. ಹೋದ ಕರೆಂಟು ಬರುವಷ್ಟರಲ್ಲಿ ಮಗು ಹುಟ್ಟಿ ನಾಮಕರಣವೂ ಮುಗಿದಿರುತ್ತಿತ್ತು. ಉಜ್ಜಿನಪ್ಪ ಟಿ.ವಿ. ಯಂತ್ರಗಳನ್ನು ಮೂಲೆಗೊತ್ತಿ, ಸೋಲಾರ್ ಪ್ಯಾನೆಲ್ ತಯಾರಿಸಿ, ಆಸ್ಪತ್ರೆಯ ಹಿಂದಿನ ಬಯಲಲ್ಲಿ ಸಾಲಾಗಿ ನಿಲ್ಲಿಸಿದ. ಹೆರಿಗೆ ಕೋಣೆಯ ಬಲ್ಬು ಝಗ್ಗನೆ ಹೊತ್ತಿತು. ಉದ್ಘಾಟನೆಗೆ ಮುನ್ನವೇ ಉರಿದ ಅಪರಾಧಕ್ಕಾಗಿ ಅಧಿಕಾರಿಗಳು ಬಂದು ಅದನ್ನು ಆರಿಸಿ ಹೋದರು.

ಉದ್ಘಾಟನೆಗೆ ಶ್ರೀಮನ್ಮಹಾರಾಜ ಛತ್ರಪಾಲರು ದಯಮಾಡಿಸಿದರು. ರಾಜಶಿರಕ್ಕೆ ಬಿಸಿಲು ತಾಕಬಾರದೆಂಬುದು ಪ್ರೋಟೋಕಾಲ್. ಹಾಗಾಗಿ ಇಡೀ ಬಯಲಿಗೆ ದಪ್ಪನೆಯ ಶಾಮಿಯಾನ ಹಾಕಲಾಗಿತ್ತು. ಮಹಾರಾಜರು ರಿಬ್ಬನ್ ಕತ್ತರಿಸಿ ಸ್ವಿಚ್ ಒತ್ತಿದರು. ವೇದಿಕೆಯ ಬಲ್ಬು ಹತ್ತಲಿಲ್ಲ.

"ಪ್ರಭೂ, ತಮ್ಮ ತೇಜಸ್ಸಿನೆದುರು ಬಲ್ಬು ನಾಚಿಕೊಂಡಿದೆ," ಎಂದ ಮಹಾಮಂತ್ರಿ ಸಮ್ಮತಿಸೇನ.

ಉಜ್ಜಿನಪ್ಪ ಕೈಮುಗಿದ. "ಬುದ್ಧೀ, ಮ್ಯಾಲಿನ ಬಟ್ಟೆ ತೆಗ್ಸಿದ್ರೆ ಸಾಕು. ಬಿಸ್ಲು ಬಿದ್ರೆ ತಾನೇ ಉರೀತದೆ."

"ತೆಗ್ಸೋದಾ?" ಮಂತ್ರಿ ಕೆರಳಿದ. "ಪ್ರಭುಗಳ ಭಾವಚಿತ್ರ ಅದಕ್ಕೇ ಕಟ್ಟಿದೆ ಕಣಯ್ಯಾ! ರಾಜದ್ರೋಹ ಅಂದ್ರೆ ಗೊತ್ತೇನು?"

ನಿಂತ ನಿಲುವಿನಲ್ಲೇ ತಜ್ಞರ ಸಮಿತಿ ರಚನೆಯಾಯಿತು. ತಪ್ಪು ಸೂರ್ಯನದೆಂದು ಅದು ಒಮ್ಮತದಿಂದ ತೀರ್ಮಾನಿಸಿತು. ಪರಿಹಾರವೂ ಸಿದ್ಧವಿತ್ತು: ಶಾಮಿಯಾನದೊಳಗೇ ದೊಡ್ಡ ದೊಡ್ಡ ದೀಪಗಳನ್ನು ತೂಗುಹಾಕಿ, ಪ್ಯಾನೆಲ್‌ಗಳ ಮೇಲೆ ಬೆಳಕು ಬಿಡುವುದು. ದೀಪಗಳಿಗೆ ಕರೆಂಟು? ಪಕ್ಕದಲ್ಲೇ ಆಸ್ಪತ್ರೆಯ ಲೈನಿತ್ತು; ಮಹಾರಾಜರು ಬಂದ ದಿನವಾದ್ದರಿಂದ ಅದರಲ್ಲಿ ಕರೆಂಟೂ ಇತ್ತು, ಅದನ್ನೇ ಇತ್ತ ತಿರುಗಿಸಿದರು.

ಬಯಲೆಲ್ಲ ಬೆಳಗಿತು. ವೇದಿಕೆಯ ಪುಟ್ಟ ಬಲ್ಬು ಮಿಣಕ್ಕೆಂದಿತು.

"ಇನ್ನು ರಾತ್ರಿಯೂ ಸೌರಶಕ್ತಿ!" ಎಂದು ಮಹಾರಾಜರು ಹಿಗ್ಗಿದರು.

"ಸೂರ್ಯನಿಗೇ ಹೊಳೆಯದ ಉಪಾಯ, ಪ್ರಭೂ!"

ಉಜ್ಜಿನಪ್ಪ ಏನೋ ಹೇಳಲು ಬಾಯಿ ತೆರೆದ. ಮಂತ್ರಿ ಅದರೊಳಗೆ ಪೇಡೆಯಿಟ್ಟ. ತಲೆಗೆ ಪೇಟ ಬಂತು, ಕೊರಳಿಗೆ ಹಾರ ಬಿತ್ತು, 'ಸೌರಕುಲತಿಲಕ' ಬಿರುದು ಘೋಷಣೆಯಾಯಿತು. ತನ್ನ ಕಾರ್ಖಾನೆಯ ಲೈಸೆನ್ಸ್ ಸಹಿಯಾಗದೆ ಇನ್ನೂ ಮಂತ್ರಿಯ ಮೇಜಿನ ಮೇಲಿತ್ತಾದ್ದರಿಂದ ಉಜ್ಜಿನಪ್ಪ ಪೇಡೆ ನುಂಗಿದ. ನನಗೆ ಅವನ ಮೇಲೆ ಸಿಟ್ಟೂ ಬರುತ್ತದೆ, ಅಯ್ಯೋ ಅಂತಲೂ ಅನ್ನಿಸುತ್ತದೆ.

ಅಷ್ಟರಲ್ಲಿ ಆಸ್ಪತ್ರೆಯ ಕಡೆಯಿಂದ ದಾದಿ ಓಡಿಬಂದಳು. "ಉಜ್ಜಿನಪ್ನೋರೇ, ಮಗಳಿಗೆ ನೋವು ಶುರುವಾಗ್ಯದೆ! ಒಳಗೆ ಕಗ್ಗತ್ತಲು! ಬ್ಯಾಗ ಮೇಣದಬತ್ತಿ ತನ್ನಿ!"

"ಏನಂತೆ?" ಎಂದರು ಮಹಾರಾಜರು.

"ಜಯಕಾರ ಪ್ರಭೂ," ಎಂದ ಮಂತ್ರಿ.

ಉಜ್ಜಿನಪ್ಪ ಪೇಟ ಸಮೇತ ಅಂಗಡಿಗೆ ಓಡಿದ. ಸೌರ ಯೋಜನೆಯ ಖರ್ಚಿಗೆಂದು ಮೇಣದಬತ್ತಿಯ ಮೇಲೆ ಆಗಷ್ಟೇ ತೆರಿಗೆ ಬಿದ್ದಿತ್ತು. ಅದನ್ನು ಮೊದಲು ಕಟ್ಟಿದವನು ಅವನೇ.